ಟೈಟಸ್ ಹೋದ ಮೇಲೆ

ಕೇಳುಗರಿಗೆ ನಮಸ್ಕಾರ.

ಚಾಮರಾಜಪೇಟೆಯಲ್ಲಿ ನಮ್ಮ ದೊಡ್ಡಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರು. ಬೆಳೆದು ನಿಂತ ಒಬ್ಬನೇ ಮಗ ತೀರಿಕೊಂಡ. ವೈಕುಂಠ ಸಮಾರಾಧನೆ ಆದ ಮಾರನೇ ದಿನವೇ ದೊಡ್ಡಪ್ಪ ಪೇಂಟಿನ ಡಬ್ಬ ತೆಗೆದು ಕೂತರು. 'ಎಂಥ ಕಲ್ಲು ಮನಸ್ಸು' ಅಂದರು ಬೀದಿಯವರು. ನನಗೂ ಆಗ ಹಾಗೇ ಅನ್ನಿಸಿತ್ತು. ಚಿತ್ರಕಾರ ರೆಂಬ್ರಾಂಟ್‌ನ ಕೊನೆಯ ವರ್ಷದ ಬಗ್ಗೆ ಓದಿದ ಮೇಲೆ ಆ ಮಾತು ನನ್ನನ್ನು ಚುಚ್ಚುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬದುಕಿದ ರೆಂಬ್ರಾಂಟ್‌ಗೆ ಹೆಂಡತಿ ಸಾಸ್ಕಿಯಾಳಲ್ಲಿ ಹುಟ್ಟಿದ ಮೊದಲ ಮೂರು ಮಕ್ಕಳು ಎಳೆಗೂಸುಗಳಾಗಿದ್ದಾಗಲೇ ಹೋದವು. 1641ರಲ್ಲಿ ಹುಟ್ಟಿದ ಟೈಟಸ್ ಉಳಿದ. ಅವನಿಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು.

ಈ ಹುಡುಗನನ್ನು ಅಪ್ಪ ಎಷ್ಟು ಅಕ್ಕರೆಯಿಂದ ಬರೆದಿದ್ದಾನೆ ಗೊತ್ತಾ? 1655ರ ಚಿತ್ರದಲ್ಲಿ ಟೈಟಸ್ ಮೇಜಿನ ಮುಂದೆ ಕೂತಿದ್ದಾನೆ. ಹೆಬ್ಬೆರಳನ್ನು ಕೆನ್ನೆಗೆ ಒತ್ತಿಕೊಂಡು, ಬರೆಯೋದು ಬಿಟ್ಟು ಏನೋ ಯೋಚನೆ. ಹೋಮ್‌ವರ್ಕ್ ಮುಂದೆ ಕೂತ ನಮ್ಮ ಮನೆ ಮಕ್ಕಳ ಹಾಗೇ ಅಲ್ವಾ?

ಮರುವರ್ಷ ಅಪ್ಪ ದಿವಾಳಿಯಾದ. ಆಮೇಲೆ ಕೈ ಹಿಡಿದವನು ಈ ಮಗನೇ. 1660ರಲ್ಲಿ ಟೈಟಸ್, ಅಪ್ಪನ ಸಂಗಾತಿ ಹೆಂಡ್ರಿಕ್ಯೆ ಜೊತೆ ಸೇರಿ ವ್ಯಾಪಾರ ಶುರುಮಾಡಿದ. ಸಾಲಗಾರರು ಚಿತ್ರಗಳನ್ನು ಕಿತ್ತುಕೊಳ್ಳಬಾರದು ಅಂತ ಅಪ್ಪನನ್ನೇ ಕೆಲಸಕ್ಕಿಟ್ಟುಕೊಂಡ ಹಾಗೆ ಕರಾರು ಆಯಿತು.

1668ರ ಫೆಬ್ರವರಿಯಲ್ಲಿ ಟೈಟಸ್‌ಗೆ ಮದುವೆ. ಸೆಪ್ಟೆಂಬರಿನಲ್ಲಿ ಸಾವು. ಇಪ್ಪತ್ತೇಳು ಕೂಡ ತುಂಬಿರಲಿಲ್ಲ. ಹೆಂಡತಿ ಬಸುರಿ. ಮಾರ್ಚಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಟಿಟಿಯಾ ಅಂತ ಅಪ್ಪನ ಹೆಸರನ್ನೇ ಇಟ್ಟರು.

ಪುತ್ರಶೋಕಂ ನಿರಂತರಂ ಅನ್ನುತ್ತೇವೆ. ರೆಂಬ್ರಾಂಟ್ ಬರೆದದ್ದರಲ್ಲಿ ಉಳಿದಿರುವುದು ಏಳೇ ಪತ್ರ. ಎಲ್ಲವೂ 1630ರ ದಶಕದವು, ಚಿತ್ರ ಮತ್ತು ದುಡ್ಡಿನ ವಿಚಾರದವು. ಮಗನ ಸಾವಿನ ಬಗ್ಗೆ ಒಂದು ಸಾಲೂ ಇಲ್ಲ. ಆದರೆ 1669ರಲ್ಲಿ ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದ. ಜೋತುಬಿದ್ದ ಕೆನ್ನೆ, ದಣಿದ ಕಣ್ಣು, ಯಾವುದನ್ನೂ ಮುಚ್ಚಿಡಲಿಲ್ಲ.

ಅಕ್ಟೋಬರ್ 4ರಂದು ಅವನು ಸತ್ತಾಗ ಇನ್ನೊಂದು ಚಿತ್ರ ಮುಗಿಯದೇ ಉಳಿದಿತ್ತು. ಬೈಬಲ್ಲಿನ ಮುದುಕ ಸಿಮಿಯೋನ್, ತೋಳುಗಳ ಮೇಲೆ ಮಗು ಯೇಸು. ಮುದುಕನ ಕಣ್ಣು ಮುಚ್ಚಿದ ಹಾಗಿದೆ. ಬೆರಳುಗಳು ಮಗುವನ್ನು ಹಿಡಿದಿಲ್ಲ, ಕೈಮುಗಿಯುವಂತೆ ಸುಮ್ನೆ ಚಾಚಿವೆ. ಇದು ಮೊಮ್ಮಗಳ ಚಿತ್ರ ಅಂತ ನಾನು ಹೇಳುತ್ತಿಲ್ಲ. ಆದರೂ ಆ ಕೈಗಳನ್ನು ನೋಡಿದಾಗಲೆಲ್ಲ ಟಿಟಿಯಾ ನೆನಪಾಗುತ್ತಾಳೆ.

ದೊಡ್ಡಪ್ಪನೂ ನೆನಪಾಗುತ್ತಾರೆ. ಬೋರ್ಡಿನ ಮೇಲೆ ಗೆರೆ ಹೊಡೆಯುವಾಗ ನೂಲಿನ ಇನ್ನೊಂದು ತುದಿ ಹಿಡಿಯುತ್ತಿದ್ದವನು ಅವರ ಮಗ. ಅವತ್ತು ಆ ತುದಿಯನ್ನು ಒಂದು ಮೊಳೆಗೆ ಕಟ್ಟಿದ್ದರು.