ತುಂಗಭದ್ರೆಯ 34ನೇ ಗೇಟು

ಕೇಳುಗರೆಲ್ಲರಿಗೂ ನಮಸ್ಕಾರ. ಹೊಲದಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಕೇಳುತ್ತಿರುವವರು ಕೆಲಸ ನಿಲ್ಲಿಸಬೇಕಾಗಿಲ್ಲ. ಕಿವಿ ಈ ಕಡೆ ಇದ್ದರೆ ಸಾಕು.

ತುಂಗಭದ್ರಾ ಜಲಾಶಯಕ್ಕೆ ಎಷ್ಟು ಗೇಟು ಅಂತ ಕೇಳಿದರೆ ಈ ಭಾಗದ ಮಕ್ಕಳೂ 33 ಅಂತ ಹೇಳುತ್ತಾರೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕಿತ್ತುಹೋದಾಗ ಇಡೀ ರಾಜ್ಯ ಹೊಸಪೇಟೆಯ ಕಡೆ ನೋಡಿತು. ನೋಡಲೇಬೇಕಿತ್ತು, ಅಷ್ಟು ನೀರು ಹೋಯಿತು. ಆದರೆ ಜಲಾಶಯಕ್ಕೆ 34ನೇ ಗೇಟೂ ಒಂದಿದೆ. ಅದು ಆಕಾಶದ ಕಡೆಗಿದೆ. ಹಗಲೂ ರಾತ್ರಿ ತೆರೆದೇ ಇರುತ್ತದೆ. ನೀರು ಆವಿಯಾಗಿ ಹೋಗುವ ದಾರಿ ಅದು.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಕೃಷ್ಣಾ ನೀರಿನ ಹಂಚಿಕೆಯಲ್ಲಿ ಬಚಾವತ್ ನ್ಯಾಯಮಂಡಳಿ ತುಂಗಭದ್ರಾ ಜಲಾಶಯದ ಲೆಕ್ಕಕ್ಕೆ ಹಿಡಿದದ್ದು 230 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಅದರಲ್ಲಿ 18 ಟಿಎಂಸಿಯನ್ನು ಜಲಾಶಯದ ನಷ್ಟ ಅಂತಲೇ ಪಕ್ಕಕ್ಕಿಟ್ಟಿತು. ಕಾಲುವೆಯ ಕೊನೆ ಭಾಗದ ರೈತರು ಅರ್ಧ ಟಿಎಂಸಿಗೆ ಧರಣಿ ಕೂರುವ ನಾಡಿದು. ಅಂಥ ಕಡೆ 18 ಟಿಎಂಸಿ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇವತ್ತು ನಾನು ಹೇಳುವುದು ಒಂದೇ ಮಾತು. ಆವಿಯಾಗುವ ನೀರನ್ನು ಅಳೆಯಿರಿ. ಮಿಲಿಮೀಟರ್‌ನಲ್ಲಿ ಅಳೆಯಿರಿ.

ಮಿಲಿಮೀಟರ್ ಯಾಕೆ? ಲೆಕ್ಕ ಬಹಳ ಸುಲಭ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ನೀರಿನಲ್ಲಿ ಮಟ್ಟ 1 ಮಿಲಿಮೀಟರ್ ಇಳಿದರೆ ಹೋದದ್ದು ಸರಿಯಾಗಿ 1 ಲೀಟರ್. ನಿಮ್ಮ ಕೃಷಿ ಹೊಂಡ 21 ಮೀಟರ್ ಉದ್ದ, 21 ಮೀಟರ್ ಅಗಲ ಇದೆ ಅಂತಿಟ್ಟುಕೊಳ್ಳಿ. 441 ಚದರ ಮೀಟರ್ ಆಯಿತು. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಹೋದರೆ 2,600 ಲೀಟರ್‌ಗೂ ಜಾಸ್ತಿ. ಮೋಟಾರ್ ಚಾಲು ಮಾಡಿಲ್ಲ, ಬೆಳೆಗೆ ಒಂದು ಹನಿ ಬಿಟ್ಟಿಲ್ಲ, ತಿಂಗಳಿಗೆ ಹತ್ತಿರ ಹತ್ತಿರ 80,000 ಲೀಟರ್ ಖಾಲಿ. ಜಲಾಶಯ ತುಂಬಿದಾಗ ನೀರು ಹರಡಿಕೊಳ್ಳುವುದು ಸುಮಾರು 378 ಚದರ ಕಿಲೋಮೀಟರ್. ಅಲ್ಲಿ ಒಂದೇ ಒಂದು ಮಿಲಿಮೀಟರ್ ಅಂದರೆ 37 ಕೋಟಿ 80 ಲಕ್ಷ ಲೀಟರ್.

ಹೊಂಡದ ನೀರು ಎಲ್ಲಿ ಹೋಯಿತು ಅಂತ ಕೇಳಿದರೆ 'ಇಂಗಿಬಿಡ್ತು ಸಾರ್' ಅಂತಾರೆ. ಅಳೆದಿದ್ದೀರಾ ಅಂದರೆ ಉತ್ತರ ಇಲ್ಲ. ಅಳೆಯದೆ ಇಂಗಿತು ಅನ್ನುವುದು ಹೇಗೆ?

ಕಣ್ಣಿಗೆ ಕಾಣದ್ದನ್ನು ಅಳೆಯೋದು ಹೇಗೆ ಅಂತ ನೀವು ಕೇಳಬಹುದು. ಅದಕ್ಕೆ ನನಗೆ ತುಂಬ ಇಷ್ಟವಾದ ಒಂದು ಕಥೆ ಇದೆ. ಹ್ಯಾಲಿ ಧೂಮಕೇತು ಗೊತ್ತಲ್ವಾ? ಅದಕ್ಕೆ ಯಾರ ಹೆಸರಿದೆಯೋ ಆ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿಯದೇ ಕಥೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಆಗಿನ ಕಾಲದಲ್ಲಿ ಒಂದು ದೊಡ್ಡ ಪ್ರಶ್ನೆ ಇತ್ತು. ಇಷ್ಟೊಂದು ನದಿಗಳು ಹಗಲೂ ರಾತ್ರಿ ಸಮುದ್ರಕ್ಕೆ ಸುರಿಯುತ್ತವೆ, ಸಮುದ್ರ ಯಾಕೆ ಉಕ್ಕುವುದಿಲ್ಲ? ಹ್ಯಾಲಿ ವಾದ ಮಾಡಲು ಹೋಗಲಿಲ್ಲ. ಒಂದು ಬಾಣಲೆ ತಗೊಂಡ. ಸುಮಾರು 8 ಇಂಚು ಅಗಲ, 4 ಇಂಚು ಆಳ. ಅದಕ್ಕೆ ನೀರು ಹಾಕಿ, ಸಮುದ್ರದಷ್ಟೇ ಉಪ್ಪು ಬೆರೆಸಿದ. ಒಳಗೆ ಒಂದು ಥರ್ಮಾಮೀಟರ್ ಇಟ್ಟ. ಕೆಂಡದ ಶಾಖ ಕೊಟ್ಟು ಆ ನೀರನ್ನು ಅವರ ನಾಡಿನ ಕಡು ಬೇಸಿಗೆಯ ಗಾಳಿ ಎಷ್ಟು ಬೆಚ್ಚಗಿರುತ್ತದೋ ಅಷ್ಟಕ್ಕೆ ತಂದ. ಆಮೇಲೆ ಬಾಣಲೆಯನ್ನು ತಕ್ಕಡಿಯ ಒಂದು ಬದಿಗೆ ತೂಗುಹಾಕಿದ, ಇನ್ನೊಂದು ಬದಿಗೆ ತೂಕದ ಬಟ್ಟು. ಎರಡು ಗಂಟೆ ಕಾದ.

ಇಲ್ಲಿ ಗಮನವಿಟ್ಟು ಕೇಳಿ. ನೀರಿನಿಂದ ಹಬೆ ಏಳುವುದು ಕಾಣಲೇ ಇಲ್ಲ. ಬೆರಳಿಟ್ಟರೆ ಬಿಸಿ ಅಂತಲೂ ಅನ್ನಿಸುತ್ತಿರಲಿಲ್ಲ. ಆದರೂ ತಕ್ಕಡಿ ಬಾಗಿತು! ಎರಡು ಗಂಟೆಯಲ್ಲಿ ಸುಮಾರು 15 ಗ್ರಾಂ ನೀರು ಹೋಗಿತ್ತು. ಬಾಣಲೆಯ ಅಗಲಕ್ಕೆ ಲೆಕ್ಕ ಹಾಕಿದರೆ ಅರ್ಧ ಮಿಲಿಮೀಟರ್. ಬಿಸಿಲನ್ನಾಗಲಿ ಗಾಳಿಯನ್ನಾಗಲಿ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಲ್ಲಿಗೆ ಬಿಡಲಿಲ್ಲ ಆತ. ಅದೇ ಅಳತೆಯನ್ನು ಇಡೀ ಮೆಡಿಟರೇನಿಯನ್ ಸಮುದ್ರಕ್ಕೆ ಹರಡಿದ. ಬೇಸಿಗೆಯ ಒಂದು ದಿನಕ್ಕೆ 528 ಕೋಟಿ ಟನ್ ನೀರು ಆವಿಯಾಗುತ್ತದೆ ಅಂತ ಬಂತು. ಆಮೇಲೆ ಆ ಸಮುದ್ರಕ್ಕೆ ಬರುವ ಒಂಬತ್ತು ದೊಡ್ಡ ನದಿಗಳನ್ನು ಹಿಡಿದ. ನೈಲ್, ರೋನ್, ಡ್ಯಾನ್ಯೂಬ್ ಎಲ್ಲ ಅದರಲ್ಲಿವೆ. ಕಿಂಗ್‌ಸ್ಟನ್ ಸೇತುವೆಯ ಹತ್ತಿರ ಥೇಮ್ಸ್ ನದಿ ಎಷ್ಟು ಅಗಲ, ಎಷ್ಟು ಆಳ, ಎಷ್ಟು ವೇಗ ಅಂತ ಲೆಕ್ಕ ಹಾಕಿ, ಒಂಬತ್ತರಲ್ಲಿ ಒಂದೊಂದೂ ಅದರ ಹತ್ತು ಪಟ್ಟು ಅಂತ ಧಾರಾಳವಾಗಿಯೇ ಇಟ್ಟುಕೊಂಡ. ಎಲ್ಲ ಸೇರಿಸಿದರೂ ದಿನಕ್ಕೆ 183 ಕೋಟಿ ಟನ್ ಅಷ್ಟೇ. ನದಿಗಳು ತರುವುದಕ್ಕಿಂತ ಮೂರು ಪಟ್ಟಿನಷ್ಟು ಆಕಾಶಕ್ಕೆ ಹೋಗುತ್ತಿದೆ! ಸಮುದ್ರ ಉಕ್ಕುವ ಮಾತೆಲ್ಲಿ? ಇವತ್ತು ನಮಗೆ ಗೊತ್ತಿರುವಂತೆ ಮೆಡಿಟರೇನಿಯನ್‌ನಲ್ಲಿ ಆವಿಯಾಗುವುದೇ ಜಾಸ್ತಿ, ಕೊರತೆ ತುಂಬುವುದು ಜಿಬ್ರಾಲ್ಟರ್ ಮೂಲಕ ಅಟ್ಲಾಂಟಿಕ್ ನೀರು. ಹ್ಯಾಲಿ ಇದನ್ನು ಪ್ರಕಟಿಸಿದ್ದು 1687ರಲ್ಲಿ. ಬೇಕಾಗಿದ್ದದ್ದು ಬಾಣಲೆ, ತಕ್ಕಡಿ, ಥರ್ಮಾಮೀಟರ್. ಅಳೆದದ್ದಕ್ಕೆ ಗೊತ್ತಾಯಿತು, ನೋಡಿ.

ಇವತ್ತಿಗೂ ಹವಾಮಾನ ಕೇಂದ್ರಗಳಲ್ಲಿ ಬಾಣಲೆಯೇ ಇದೆ. ನಾವು ಪ್ಯಾನ್ ಅಂತೀವಿ. ನಮ್ಮ ದೇಶದ ಪ್ಯಾನ್ ತಾಮ್ರದ ತಗಡಿನದು, 122 ಸೆಂಟಿಮೀಟರ್ ಅಗಲ, ಸುಮಾರು 25 ಸೆಂಟಿಮೀಟರ್ ಆಳ. ಹೊರಗೆ ಬಿಳಿ ಬಣ್ಣ. ಮರದ ಹಲಗೆಯ ಮೇಲೆ ಕೂರಿಸಿರುತ್ತಾರೆ. ಕಾಗೆ, ನಾಯಿ ನೀರು ಕುಡಿಯದಂತೆ ಮೇಲೆ ತಂತಿ ಬಲೆ. ಒಳಗೆ ಒಂದು ಸಣ್ಣ ಕೊಳವೆ, ಅದರೊಳಗೆ ಚೂಪು ತುದಿಯ ಕಡ್ಡಿ. ಕೊಳವೆ ಇರುವುದು ಗಾಳಿಗೆ ನೀರು ಅಲುಗದಿರಲಿ ಅಂತ. ಬೆಳಿಗ್ಗೆ ಹೋಗಿ ನೋಡಿದರೆ ನೀರು ಆ ತುದಿಗಿಂತ ಕೆಳಗಿರುತ್ತದೆ. ಅಳತೆಯ ಪಾತ್ರೆಯಿಂದ ಸ್ವಲ್ಪ ಸ್ವಲ್ಪವೇ ಸುರಿಯಬೇಕು, ನೀರು ತುದಿಯನ್ನು ಮುಟ್ಟುವ ತನಕ. ಪಾತ್ರೆಯ ಬಾಯಿ ಪ್ಯಾನ್‌ನ ನೂರರಲ್ಲೊಂದು ಪಾಲು. ಪಾತ್ರೆಯಲ್ಲಿ 10 ಸೆಂಟಿಮೀಟರ್ ಖರ್ಚಾದರೆ ಪ್ಯಾನ್‌ನಲ್ಲಿ ಹೋದದ್ದು 1 ಮಿಲಿಮೀಟರ್. ಮಳೆ ಬಂದಿದ್ದರೆ ಆ ಮಳೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ತಗಡು ಕಾಯುವುದರಿಂದ ಪ್ಯಾನ್‌ನಲ್ಲಿ ಸ್ವಲ್ಪ ಜಾಸ್ತಿಯೇ ಆರುತ್ತದೆ. ಅದರ ಮುಕ್ಕಾಲು ಪಾಲು ಹಿಡಿದರೆ ನಿಮ್ಮ ಕೆರೆ, ಹೊಂಡದ ಲೆಕ್ಕ. ಪ್ಯಾನ್‌ನಲ್ಲಿ 8 ಬಂದರೆ ಹೊಂಡದಲ್ಲಿ 6.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಬಿಸಿಲೊಂದೇ ನೀರನ್ನು ಆರಿಸುತ್ತದೆ ಅಂದುಕೊಳ್ಳಬೇಡಿ. ನೀರಿನ ಮೇಲೆ ಕೂತ ತೇವದ ಗಾಳಿಯನ್ನು ಬೀಸುಗಾಳಿ ಹೊಡೆದುಕೊಂಡು ಹೋದಷ್ಟೂ ಇನ್ನಷ್ಟು ಆರುತ್ತದೆ. ಮೋಡ ಇದ್ದರೂ ಆಷಾಢದ ಗಾಳಿಯಲ್ಲಿ ಒಗೆದ ಬಟ್ಟೆ ಒಣಗುತ್ತದಲ್ಲ, ಅದಕ್ಕೇ. ಬಿಸಿಲು, ಗಾಳಿ, ತೇವ ಮೂರನ್ನೂ ಒಂದೇ ಸೂತ್ರಕ್ಕೆ ತಂದವರು ಇಂಗ್ಲೆಂಡಿನ ವಿಜ್ಞಾನಿ ಪೆನ್ಮನ್, 1948ರಲ್ಲಿ. ಬೆಳೆಯ ಎಲೆಯಿಂದ ಹೋಗುವ ನೀರಿಗೆ ಲೈಸಿಮೀಟರ್ ಅಂತ ಇದೆ, ಮಣ್ಣನ್ನು ಬೆಳೆ ಸಮೇತ ತೊಟ್ಟಿಯಲ್ಲಿಟ್ಟು ತೂಗುತ್ತಾರೆ. ಹೊಸದಾಗಿ ಹೊಂಡ ತೋಡಿಸುವವರು ಅಗಲ ಕಡಿಮೆ ಮಾಡಿ ಆಳ ಜಾಸ್ತಿ ಮಾಡಿ, ಅಷ್ಟೇ ನೀರಿಗೆ ಆರುವ ಜಾಗ ಕಡಿಮೆಯಾಗುತ್ತದೆ.

ಈಗ ನಿಮ್ಮ ಕೆಲಸ. ಹೊಂಡದ ದಡದಲ್ಲಿ, ನೆರಳು ಬೀಳದ ಕಡೆ, ನೇರ ಗೋಡೆಯ ಒಂದು ಅಗಲ ಟಬ್ ಇಟ್ಟು ನೀರು ತುಂಬಿಸಿ, ಮೇಲೆ ಬಲೆ ಕಟ್ಟಿ. ಹೊಂಡದಲ್ಲಿ ಒಂದು ಸ್ಕೇಲು ನೆಡಿ. ಮಳೆ ಇಲ್ಲದ, ಮೋಟಾರ್ ಹಾಕದ ಒಂದು ವಾರ ನೋಡಿಕೊಂಡು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಎರಡೂ ಕಡೆ ಎಷ್ಟು ಮಿಲಿಮೀಟರ್ ಇಳಿಯಿತು ಅಂತ ಬರೆದಿಡಿ. ಟಬ್‌ ಇಳಿದದ್ದರ ಸುಮಾರು ಮುಕ್ಕಾಲು ಪಾಲಿನಷ್ಟೇ ಹೊಂಡ ಇಳಿದಿದ್ದರೆ ನೀರು ಆವಿಯಾಗಿಯೇ ಹೋಗಿದೆ. ಟಬ್‌ಗಿಂತ ಹೊಂಡವೇ ಜಾಸ್ತಿ ಇಳಿದಿದ್ದರೆ ನೀರು ಇಂಗುತ್ತಿದೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಅದು ಎಲ್ಲೋ ಹರಿದಿರಬೇಕು, ನೀರು ಕಡಿಮೆಯಾದಾಗ ಮೊದಲು ಮೂಲೆಗಳನ್ನೂ ಹಾಳೆಯ ಜೋಡಣೆಗಳನ್ನೂ ನೋಡಿಸಿ.

ನಮಸ್ಕಾರ.