ಮೂಲ ಸ್ಲೈಡು ಡಬ್ಬಿಯಲ್ಲಿರಲಿ

ಮಡಿಕೇರಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಕೊಡಗಿನ ಎಷ್ಟೋ ಮನೆಗಳ ಬೀರುವಿನಲ್ಲಿ ಹಳೆಯ ಸ್ಲೈಡುಗಳ, ಅಂದರೆ ಪುಟ್ಟ ಚೌಕಟ್ಟಿಗೆ ಕೂರಿಸಿದ ಫಿಲ್ಮಿನ ಚಿತ್ರಗಳ, ಡಬ್ಬಿ ಇರುತ್ತದೆ. ಸೈನ್ಯದಲ್ಲಿದ್ದವರು, ಬೆಂಗಳೂರು, ಮುಂಬಯಿಯಲ್ಲಿ ನೌಕರಿ ಮಾಡಿದವರು ತೆಗೆದವು: ಡಬಲ್ ಡೆಕ್ಕರ್ ಬಸ್ಸು, ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದ ಜನ, ಮಳೆಯಲ್ಲಿ ನೆನೆದ ಪೇಟೆ. ಅವನ್ನೂ, ಈಗಿನ ಹುಡುಗರು ತೆಗೆದ ನಗರದ ವಿಡಿಯೋಗಳನ್ನೂ ಸೇರಿಸಿ ಒಂದು ಹಾಲಿನಲ್ಲಿ ಪ್ರದರ್ಶನ ಮಾಡಬೇಕು ಅಂತ ಹೊರಟವರಿಗೆ ಒಂದೇ ಮಾತು. ಮೂಲ ಸ್ಲೈಡನ್ನು ಪ್ರೊಜೆಕ್ಟರಿಗೆ ಹಾಕಬೇಡಿ. ಪ್ರತಿ ಮಾಡಿಸಿ, ಪ್ರತಿ ಹಾಕಿ.

ಲೆಕ್ಕ ನೋಡಿ. ಕೊಡಾಕ್ ಕರೂಸೆಲ್, ಅಂದರೆ ತಲೆಯ ಮೇಲೆ ದುಂಡು ತಟ್ಟೆ ಇರುವ ಪ್ರೊಜೆಕ್ಟರ್, ಬಂದದ್ದು 1961ರಲ್ಲಿ. ತಟ್ಟೆಯಲ್ಲಿ 80 ಸ್ಲೈಡು. ಒಂದಕ್ಕೆ 5 ಸೆಕೆಂಡ್ ಎಂದರೆ ಸುತ್ತಿಗೆ 400 ಸೆಕೆಂಡ್. ದಿನಕ್ಕೆ 8 ಗಂಟೆ ಓಡಿದರೆ 72 ಸುತ್ತು. ಒಂದೊಂದು ಸ್ಲೈಡೂ ದಿನಕ್ಕೆ 6 ನಿಮಿಷ, ತಿಂಗಳಿಗೆ 3 ಗಂಟೆ, 250–300 ವ್ಯಾಟಿನ ದೀಪದ ಮುಂದೆ ಬೇಯುತ್ತದೆ. ಬಿಸಿಗೆ ಫಿಲ್ಮು ಹಪ್ಪಳದಂತೆ ಉಬ್ಬಿ ಫೋಕಸ್ ತಪ್ಪುವುದು ಕಣ್ಣಿಗೆ ಕಾಣುತ್ತದೆ. ಬಣ್ಣ ಇಳಿಯುವುದು ಕಾಣುವುದಿಲ್ಲ. ಕೊಡಾಕ್ರೋಮ್ ಎಂಬ ಸ್ಲೈಡ್ ಫಿಲ್ಮು ಕತ್ತಲೆಯಲ್ಲಿಟ್ಟರೆ ದಶಕಗಟ್ಟಲೆ ಬಣ್ಣ ಬಿಡದು. ಪ್ರೊಜೆಕ್ಟರಿನ ಬೆಳಕಿಗೆ ಮಾತ್ರ ಬೇಗ ಸೋಲುತ್ತದೆ.

ಹೆಲೆನ್ ಲೆವಿಟ್ ಅವರ ಕಥೆ ಹೇಳಲೇಬೇಕು. 1913ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಬೀದಿಯಲ್ಲಿ ಆಡುವ ಮಕ್ಕಳು, ಅವರು ಸೀಮೆಸುಣ್ಣದಲ್ಲಿ ಬರೆದ ಚಿತ್ರಗಳು, ಇವನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದವರು. 1959 ಮತ್ತು 1960ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಎಂಬ ಧನಸಹಾಯ ಸಿಕ್ಕಿತು, ಅದೇ ಬೀದಿಗಳನ್ನು ಬಣ್ಣದಲ್ಲಿ ತೆಗೆದರು. 1970ರಲ್ಲಿ ಮನೆಗೆ ಕಳ್ಳ ನುಗ್ಗಿದ. ಬಣ್ಣದ ಸ್ಲೈಡುಗಳಲ್ಲಿ ಹೆಚ್ಚಿನವು ಹೋದವು. ನೆಗೆಟಿವ್ ಇದ್ದಿದ್ದರೆ ಮತ್ತೆ ಪ್ರಿಂಟ್ ಹಾಕಿಸಬಹುದಿತ್ತು. ಸ್ಲೈಡಿಗೆ ನೆಗೆಟಿವ್ ಎಲ್ಲಿಯದು? ಕ್ಯಾಮೆರಾದೊಳಗೆ ಇದ್ದ ಫಿಲ್ಮನ್ನೇ ತೊಳೆದು, ಕತ್ತರಿಸಿ, ಚೌಕಟ್ಟಿಗೆ ಕೂರಿಸಿದರೆ ಅದೇ ಸ್ಲೈಡು. ಹೋದರೆ ಹೋಯಿತು. ಅರವತ್ತರ ಹತ್ತಿರವಿದ್ದ ಆ ಹೆಂಗಸು ಮತ್ತೆ ಕ್ಯಾಮೆರಾ ಹಿಡಿದು ಬೀದಿಗಿಳಿದರು. 1974ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ 40 ಬಣ್ಣದ ಸ್ಲೈಡುಗಳನ್ನು ಒಂದರ ಹಿಂದೊಂದು ಗೋಡೆಗೆ ಬಿಟ್ಟು ತೋರಿಸಿದರು. ಕಟ್ಟು ಇಲ್ಲ, ಗಾಜು ಇಲ್ಲ, ಬರೀ ಬೆಳಕು.

ಅವರಿಗೆ ಬೀದಿ ಅಲ್ಲೇ ಇತ್ತು, ಮತ್ತೆ ತೆಗೆದರು. ನಿಮ್ಮ ಅಜ್ಜ ತೆಗೆದ 1975ರ ಬೆಂಗಳೂರನ್ನು ನೀವು ಎಲ್ಲಿಂದ ತರುತ್ತೀರಿ? ಅದಕ್ಕೇ ಪ್ರತಿ ಅನ್ನುವುದು.

ಸ್ಲೈಡ್ ಸ್ಕ್ಯಾನರಿನಲ್ಲಿ 4000 ಡಿಪಿಐ, ಅಂದರೆ ಇಂಚಿಗೆ 4000 ಚುಕ್ಕಿ, ಇಟ್ಟರೆ 24×36 ಮಿ.ಮೀ. ಫ್ರೇಮಿನಿಂದ ಸುಮಾರು 3780×5670 ಪಿಕ್ಸೆಲ್ ಸಿಗುತ್ತದೆ. ಫುಲ್ ಎಚ್‌ಡಿ ಪ್ರೊಜೆಕ್ಟರ್ ತೋರಿಸುವುದೇ 1920×1080, ಧಾರಾಳವಾಯಿತು. ಸ್ಕ್ಯಾನರ್ ಇಲ್ಲವೇ? ಎಲ್‌ಇಡಿ ಲೈಟ್ ಪ್ಯಾಡಿನ ಮೇಲೆ ಸ್ಲೈಡಿಟ್ಟು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನಲ್ಲಿ ಫೋಟೋ ತೆಗೆಯಿರಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿರಲಿ, ಕೋಣೆಯ ದೀಪ ಆರಿರಲಿ. ತಟ್ಟೆ ತಿರುಗುವ ‘ಟಕ್’ ಸದ್ದು ಬೇಕೇ ಬೇಕು ಅನ್ನುವವರು ಇದ್ದಾರೆ. ಸರಿ, 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮಿನಲ್ಲಿ ಸ್ಲೈಡಿನದೇ ಫೋಟೋ ತೆಗೆದು, ಅದನ್ನು ತೊಳೆಯುವ ಈ-6 ಲ್ಯಾಬಿಗೆ ಕಳಿಸಿ. ದುಬಾರಿಯಾಗುತ್ತದೆ, ಆಗಲಿ.

ಡಬ್ಬಿಯೊಳಗಿನ ಮೂಲಕ್ಕೆ ನಮ್ಮ ಮಳೆಗಾಲವೇ ಶತ್ರು. ಗಾಳಿಯ ತೇವ ಶೇ. 65 ದಾಟಿದರೆ ಬೂಷ್ಟು ಹಿಡಿದು ಫಿಲ್ಮಿನ ಮೇಲೆ ಚಿತ್ರ ಹಿಡಿದಿರುವ ಜೆಲಾಟಿನ್ ಪದರವನ್ನು ತಿನ್ನುತ್ತದೆ. ಬೆಳಕಿಗೆ ಓರೆಯಾಗಿ ಹಿಡಿಯಿರಿ, ಕವಲೊಡೆದ ಬಿಳಿ ಎಳೆಗಳು ಕಂಡರೆ ಅದೇ. ಒದ್ದೆ ಬಟ್ಟೆಯಲ್ಲಿ ದಯವಿಟ್ಟು ಒರೆಸಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಿಗೆ ಕರಗುತ್ತದೆ, ಚಿತ್ರ ಬಟ್ಟೆಗೆ ಬರುತ್ತದೆ. ಬೀರುವಿನೊಳಗೆ ಬಲ್ಬು ಉರಿಸಿಡುವುದು ಬಟ್ಟೆಬರೆಗೆ ಸರಿ, ಸ್ಲೈಡಿಗಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿಯಾದರೆ ಹರಳನ್ನು ಮಾತ್ರ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಇಡಿ.

ಪ್ರತಿಯ ಸ್ಲೈಡನ್ನು ತಟ್ಟೆಗೆ ಹಾಕುವಾಗ ಪ್ರೊಜೆಕ್ಟರಿನ ಹಿಂದೆ ಪರದೆಯ ಕಡೆ ಮುಖ ಮಾಡಿ ನಿಲ್ಲಿ. ಚಿತ್ರ ನೇರ ಕಾಣುವಂತೆ ಹಿಡಿದು, ತಲೆಕೆಳಗು ಮಾಡಿ ಇಳಿಸಿ. ಪೇಟೆಯ ಚಿತ್ರಗಳಲ್ಲಿ ತಪ್ಪಿದರೆ ಅಂಗಡಿ ಬೋರ್ಡೇ ಹೇಳಿಬಿಡುತ್ತದೆ. 100 ಮಿ.ಮೀ. ಲೆನ್ಸಾದರೆ 4 ಮೀಟರ್ ದೂರಕ್ಕೆ ಚಿತ್ರದ ಅಗಲ ಸುಮಾರು 1.4 ಮೀಟರ್. ಅಮೆರಿಕದಿಂದ ತಂದ ಪ್ರೊಜೆಕ್ಟರ್ 110 ವೋಲ್ಟಿನದು, ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್ಗಿಗೆ ಹಾಕಿದರೆ ಆ ಕ್ಷಣಕ್ಕೇ ಸುಡುತ್ತದೆ. ಕೊಡಾಕ್ 2004ರಲ್ಲೇ ಇವುಗಳ ತಯಾರಿ ನಿಲ್ಲಿಸಿದೆ.

ವಿಡಿಯೋಗೆ ಸಮಯ ಸಾಲುತ್ತಿಲ್ಲ, ಗಡಿಯಾರ ತೋರಿಸುತ್ತಿದ್ದಾರೆ. ವಿಡಿಯೋ ಪ್ರೊಜೆಕ್ಟರನ್ನು ಯುಪಿಎಸ್‌ಗೆ ಜೋಡಿಸಿರಲಿ. ಕರೆಂಟು ಹೋಗಿ ಫ್ಯಾನು ನಿಂತರೆ ಬಿಸಿಗೆ ದೀಪ ಹೋಗುತ್ತದೆ. ಒಂದೇ ಹಾಲಿನಲ್ಲಿ ಎರಡು ವಿಡಿಯೋ ಇದ್ದರೆ ಒಂದಕ್ಕೆ ಹೆಡ್‌ಫೋನ್ ಇಡಿ. ಮತ್ತೆ, ಪೆನ್‌ಡ್ರೈವಿನಲ್ಲಿರುವುದೂ ಪ್ರತಿಯೇ ಆಗಿರಲಿ, ಮೂಲ ಫೈಲು ಮನೆಯಲ್ಲಿ. ನಮಸ್ಕಾರ.