ಹೆಸರು ಬರೆಯದ ಚೀಟಿಗಳು

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಒಂದೊಂದು ಚೀಟಿ ಕೊಟ್ಟು, ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಬಗ್ಗೆ ಹೆಸರು ಹಾಕದೆ ಪ್ರಶ್ನೆ ಬರೆಯಿರಿ ಅಂದಿದ್ದೆ. ಒಂದು ಚೀಟಿಯನ್ನು ಎಷ್ಟು ಸಣ್ಣಗೆ ಮಡಚಿದ್ದಾರೆಂದರೆ, ಬಿಚ್ಚುವಷ್ಟರಲ್ಲಿ ಅಂಚು ಹರಿಯಿತು. ಅದರಲ್ಲಿರುವುದು ಇಷ್ಟೇ: ‘ಮದ್ವೆ ಆಗದೆ ಇರೋರು ಈ ಇಂಜೆಕ್ಷನ್ ಹಾಕಿಸ್ಕೊಂಡ್ರೆ ಜನ ಏನಂತಾರೆ?’

ಮದ್ದೂರು, ಮಳವಳ್ಳಿ, ಇಲ್ಲಿ ಮಂಡ್ಯ, ಎಲ್ಲಿ ಹೋದರೂ ನಿಮ್ಮ ವಯಸ್ಸಿನವರು ಮೊದಲು ಕೇಳುವುದು ಇದನ್ನೇ. ನೋವಾಗುತ್ತಾ, ಜ್ವರ ಬರುತ್ತಾ ಅನ್ನೋದೆಲ್ಲ ಆಮೇಲೆ. ನಿಮಗೆ ತಿಳಿವಳಿಕೆ ಸಾಲದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಹೆದರಿರುವುದು ಜನರ ಬಾಯಿಗೆ. ಒಮ್ಮೆ ಹುಡುಗಿಯೊಬ್ಬಳ ಜೊತೆ ಲಸಿಕೆ ಕೇಳಲು ಹೋಗಿದ್ದೆ. ಕೌಂಟರಿನಲ್ಲಿದ್ದವರು ತುಂಬಿದ ಸಾಲಿನ ಮುಂದೆ, ‘ಮದ್ವೆ ಆಗಿದ್ಯೇನಮ್ಮ?’ ಅಂದರು. ಅವಳು ಎಣಿಸಿ ಹಿಡಿದಿದ್ದ ನೋಟುಗಳನ್ನು ಮತ್ತೆ ಪರ್ಸಿಗೆ ತುರುಕಿಕೊಂಡು ಹೊರಟೇಬಿಟ್ಟಳು. ನಾನು ತುಟಿ ಬಿಚ್ಚದೆ ನಿಂತಿದ್ದೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಎಂಥ ತಲೆಕೆಳಗಾದ ಪ್ರಶ್ನೆ ನೋಡಿ. ಎಚ್‌ಪಿವಿ ವೈರಾಣು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಒಳಹೊಕ್ಕ ವೈರಾಣುವನ್ನು ಲಸಿಕೆ ಓಡಿಸಲಾರದು, ಬರದಂತೆ ತಡೆಯಬಲ್ಲದು. ಅಂದಮೇಲೆ ಮದುವೆಗೆ ಮುಂಚೆಯೇ ತಾನೇ ಹಾಕಿಸಿಕೊಳ್ಳಬೇಕಾದ್ದು? 9ರಿಂದ 14 ವರ್ಷ ಅತ್ಯುತ್ತಮ ಎನ್ನುವುದೂ ಅದಕ್ಕೇ. ಸೋಂಕು ಬಹಳ ಜನಕ್ಕೆ ತಗಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದದ್ದು ಹದಿನೈದಿಪ್ಪತ್ತು ವರ್ಷ ಸದ್ದಿಲ್ಲದೆ ಕೂತು ಗರ್ಭಕಂಠದ ಕ್ಯಾನ್ಸರ್ ಆಗಬಹುದು. ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಇದು ಬರುತ್ತಿದೆ. ಪ್ರಪಂಚದಲ್ಲಿ ಹತ್ತರಲ್ಲಿ ಸುಮಾರು ಏಳು ಪ್ರಕರಣಗಳ ಹಿಂದೆ ಇರುವುದು 16 ಮತ್ತು 18 ಎಂಬ ಎರಡು ಬಗೆಯ ವೈರಾಣು. ಎರಡಕ್ಕೂ ಲಸಿಕೆಯಲ್ಲಿ ತಡೆಯಿದೆ.

ಇನ್ನೊಂದು ಚೀಟಿ: ‘ಆಂಧ್ರದಲ್ಲಿ ಹುಡ್ಗೀರು ಸತ್ತೋದ್ರಂತೆ, ನಿಜಾನಾ?’ 2009ರಲ್ಲಿ ಆಗ ಆಂಧ್ರದಲ್ಲಿದ್ದ ಖಮ್ಮಂ, ಗುಜರಾತಿನ ವಡೋದರಾಗಳಲ್ಲಿ ಲಸಿಕಾ ಯೋಜನೆ ಶುರುವಾಯಿತು, ಕೆಲವು ಹುಡುಗಿಯರು ತೀರಿಕೊಂಡರು, 2010ರಲ್ಲಿ ಯೋಜನೆ ನಿಂತಿತು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದಿತು ತನಿಖೆ. ಆದರೆ ಹಾಸ್ಟೆಲ್ ಮಕ್ಕಳ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದೂ ನಿಜ. ಅದನ್ನು ಮುಚ್ಚಿಟ್ಟು, ನಂಬಿ ಎಂದು ನಿಮಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇದು ಹುಡುಗನ ಅಕ್ಷರ ಇರಬೇಕು: ‘ಇದು ಹುಡ್ಗೀರ ವಿಷ್ಯ, ನಾವ್ಯಾಕೆ ಕೂತಿರ್ಬೇಕು?’ ಗಂಡಸರಿಗೂ ಈ ವೈರಾಣುವಿನಿಂದ ಗಂಟಲ ಕ್ಯಾನ್ಸರ್ ಬರಬಹುದಪ್ಪ. ಪುಣೆಯಲ್ಲಿ ತಯಾರಾಗಿ 2023ರಲ್ಲಿ ಬಂದ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆಗೆ 26ರವರೆಗೆ ಹುಡುಗರಿಗೂ ಅನುಮತಿಯಿದೆ. ಆಗ ಡೋಸಿಗೆ ಸುಮಾರು 2,000 ರೂಪಾಯಿ, 15 ದಾಟಿದವರಿಗೆ ಮೂರು ಡೋಸು. ಕಬ್ಬಿನ ಬಿಲ್ಲಿಗೆ ಕಾಯುವ ಮನೆಗಳಲ್ಲಿ ಆರು ಸಾವಿರ ಎಂದರೇನು ಅಂತ ನನಗೆ ಗೊತ್ತು. ದುಡ್ಡಿಲ್ಲದೆ ತಡವಾದವರು ನಾಚಬೇಕಾಗಿಲ್ಲ.

‘ಅಮ್ಮಂಗೆ ಹೆಂಗೇಳೋದು?’ ಈ ಚೀಟಿಗಳೇ ಜಾಸ್ತಿ. ಮೊದಲು ಅಮ್ಮನ ಆರೋಗ್ಯದಿಂದಲೇ ಮಾತು ತೆಗೆಯಿರಿ. 30 ದಾಟಿದ ಹೆಂಗಸರು ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕು. ಲಸಿಕೆ ಪಡೆದ ನಿಮಗೂ ಮುಂದೆ ಅದು ತಪ್ಪುವುದಿಲ್ಲ. ‘ನೀನು ತಪಾಸಣೆ ಮಾಡಿಸ್ಕೊ, ನಾನು ಲಸಿಕೆ ಹಾಕಿಸ್ಕೊತೀನಿ, ಇಬ್ರೂ ಒಟ್ಟಿಗೆ ಹೋಗ್ಬರೋಣ ಬಾರವ್ವ’ ಅನ್ನಿ. ಜೊತೆಗೆ ಬರುವವರು ಬೇಕೆಂದರೆ ನಾನು ಬರುತ್ತೇನೆ. ಈ ಸಲ ಕೌಂಟರಿನ ಮುಂದೆ ಸುಮ್ಮನೆ ನಿಲ್ಲುವುದಿಲ್ಲ.